ಯಾತ್ರೆಗೆ ಕೂಸು ಎಷ್ಟು ದೊಡ್ಡದಾಗಿರಬೇಕು?



ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಆರೋಗ್ಯಮಾತೆಯ ಧ್ವಜ ಏರುತ್ತದೆ. ಸೆಪ್ಟೆಂಬರ್ 8ರಂದು ಮಾತೆಯ ಜನ್ಮೋತ್ಸವ. ಆ ಹಬ್ಬಕ್ಕೆ ಹೋಗುವ ಮಾತು ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲೇ ಶುರುವಾಗುತ್ತದೆ. ಯಾರು ಯಾರು ಹೊರಡಬೇಕು, ಎಷ್ಟು ದುಡ್ಡು ಬೇಕು, ಹೊಲಮನೆ ಯಾರು ನೋಡಿಕೊಳ್ಳಬೇಕು ಎಂಬುದೆಲ್ಲ ಹೇಗೋ ಇತ್ಯರ್ಥವಾಗುತ್ತದೆ. ಇತ್ಯರ್ಥವಾಗದೆ ಉಳಿಯುವುದು ಒಂದೇ ಪ್ರಶ್ನೆ: ತೊಟ್ಟಿಲಲ್ಲಿರುವ ಕೂಸನ್ನು ಕರೆದುಕೊಂಡು ಹೋಗುವುದೋ, ಬೇಡವೋ?

ಆಳಂದ ತಾಲೂಕಿನ ಖಜೂರಿಯಂಥ ಗಡಿಯ ಊರಿನಿಂದ ಹೊರಡುವ ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರಿನಿಂದ ಬಸ್ಸಿನಲ್ಲಿ ಆಳಂದ, ಅಲ್ಲಿಂದ ಕಲಬುರಗಿ. ಕಲಬುರಗಿಯಿಂದ ಚೆನ್ನೈಗೆ ಒಂದು ರಾತ್ರಿಯ ರೈಲು. ಚೆನ್ನೈಯಿಂದ ನಾಗಪಟ್ಟಣಕ್ಕೆ ಮತ್ತೊಂದು ರಾತ್ರಿ. ಆಮೇಲೆ ಮತ್ತೆ ಬಸ್ಸು. ತಿರುಗಿ ಬರುವಾಗ ಇದೇ ದಾರಿ, ಇದೇ ದಣಿವು. ಮಗುವಿಗೆ ಹದಿನಾಲ್ಕು ತಿಂಗಳು. ಮಗು ಹುಟ್ಟುವ ಮುಂಚೆ ಅತ್ತೆಯವರು ಹರಕೆ ಹೊತ್ತಿದ್ದಾರೆ. "ಕೂಸಿನ ಕೂದಲಾ ತಾಯಿ ಪಾದಕ್ಕ ಕೊಡ್ತೀನಂತ ಅಂದೀನವ್ವಾ, ಮಾತು ತಪ್ಪಿದ್ರ ಹ್ಯಾಂಗ?" ಎನ್ನುತ್ತಾರೆ. ಸೊಸೆ ತಲೆ ತಗ್ಗಿಸಿ, "ಇನ್ನಾ ಹಾಲು ಬಿಟ್ಟಿಲ್ರೀ ಅತ್ತಿ, ಎರಡು ರಾತ್ರಿ ರೈಲಿನ್ಯಾಗ ಹ್ಯಾಂಗ್ ಮಾಡೂದ್ರಿ?" ಎನ್ನುತ್ತಾಳೆ. ಮಗ ಇಬ್ಬರ ನಡುವೆ ಸುಮ್ಮನೆ ಕುಳಿತಿರುತ್ತಾನೆ. ಮುಂಬೈಯಲ್ಲಿರುವ ಮೈದುನನೋ ಭಾವನೋ ಫೋನು ಮಾಡಿ, ಅದೆಲ್ಲ ಯಾಕೆ, ಎಲ್ಲರೂ ಮುಂಬೈಗೇ ಬನ್ನಿ, ಹಡಗಿನಲ್ಲಿ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನ ಮಾಡಿ ಬರೋಣ ಎಂದರೆ, ಮನೆಯಲ್ಲಿ ಗೊಂದಲ ಇನ್ನೂ ಹೆಚ್ಚುತ್ತದೆ.

ಈ ಸೊಸೆಯನ್ನು ನಂಬಿಕೆ ಕಡಿಮೆಯಾದವಳು ಎಂದು ಯಾರಾದರೂ ಆಡಿಕೊಂಡರೆ, ಅವರು ಪವಿತ್ರ ಗ್ರಂಥವನ್ನು ತೆರೆದು ಸಮುವೇಲನ ಮೊದಲನೆಯ ಗ್ರಂಥದ ಮೊದಲನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಎಲ್ಕಾನ ಪ್ರತಿ ವರ್ಷ ಕುಟುಂಬ ಸಮೇತ ಶಿಲೋವಿಗೆ ಯಾತ್ರೆ ಹೋಗುತ್ತಿದ್ದ. ಅವನ ಹೆಂಡತಿ ಹನ್ನಳಿಗೆ ಮಕ್ಕಳಿರಲಿಲ್ಲ. ಅವಳು ಆ ದೇವಾಲಯದಲ್ಲೇ ಅತ್ತು, ತುಟಿಯಷ್ಟೇ ಅಲುಗುವಂತೆ ಪ್ರಾರ್ಥಿಸಿ, ಗಂಡುಮಗು ಹುಟ್ಟಿದರೆ ದೇವರಿಗೇ ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಸಮುವೇಲ ಹುಟ್ಟಿದ. ಮರುವರ್ಷ ಎಲ್ಕಾನ ಯಾತ್ರೆಗೆ ಹೊರಟು ನಿಂತಾಗ, ಎಲ್ಲರಿಗಿಂತ ಮುಂದೆ ಹೊರಡಬೇಕಾದವಳು ಹನ್ನಳೇ ಅಲ್ಲವೇ? ಹರಕೆ ಅವಳದು, ಅದನ್ನು ದೇವರು ಕೇಳಿದ್ದಾರೆ, ಮಗು ತೊಡೆಯ ಮೇಲಿದೆ. ಆದರೆ ಅವಳು ಹೊರಡಲಿಲ್ಲ. ಮಗು ಮೊಲೆ ಬಿಟ್ಟ ಮೇಲೆ ತಾನೇ ಕರೆತರುವೆನೆಂದು ಗಂಡನಿಗೆ ತಿಳಿಸಿ ಮನೆಯಲ್ಲಿ ಉಳಿದಳು.

ಎಲ್ಕಾನ ಏನು ಮಾಡಿದ? ಊರವರು ಏನೆಂದುಕೊಂಡಾರು ಎನ್ನಲಿಲ್ಲ. ಹರಕೆ ತಪ್ಪಿದರೆ ಮಗುವಿಗೆ ಕೇಡಾದೀತು ಎಂದು ಹೆದರಿಸಲಿಲ್ಲ. ನಿನಗೆ ಸರಿ ತೋಚಿದಂತೆ ಮಾಡು ಎಂದು ನಿರ್ಧಾರವನ್ನು ತಾಯಿಗೇ ಬಿಟ್ಟ, ದೇವರು ತಮ್ಮ ಮಾತನ್ನು ನೆರವೇರಿಸಲಿ ಎಂದು ಹಾರೈಸಿದ. ಗಂಡಸರು ಈ ವಾಕ್ಯವನ್ನು ಇನ್ನೊಮ್ಮೆ ಓದಿದರೆ ನಷ್ಟವಿಲ್ಲ.

ಆ ಕಾಲದಲ್ಲಿ ಮಕ್ಕಳು ಎಷ್ಟು ವರ್ಷಕ್ಕೆ ಹಾಲು ಬಿಡುತ್ತಿದ್ದರು? ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಏಳು ಮಕ್ಕಳ ವೀರತಾಯಿ ತನ್ನ ಕಿರಿಯ ಮಗನಿಗೆ, ಮೂರು ವರ್ಷ ಹಾಲೂಡಿಸಿದ್ದನ್ನು ನೆನಪಿಸುತ್ತಾಳೆ. ಹಾಗಾದರೆ ಹನ್ನಳು ಒಂದಲ್ಲ, ಎರಡು ಮೂರು ಯಾತ್ರೆಗಳನ್ನಾದರೂ ಬಿಟ್ಟಿರಬೇಕು. ದೇವರು ಅವಳ ಮೇಲೆ ಮುನಿಸಿಕೊಂಡರೆಂದು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಬರೆದಿಲ್ಲ. ಅವಳು ಹರಕೆಯನ್ನು ಮರೆಯಲೂ ಇಲ್ಲ. ಕಾಲ ಬಂದಾಗ ಹೋರಿ, ಹಿಟ್ಟು, ದ್ರಾಕ್ಷಾರಸ ಎಲ್ಲವನ್ನೂ ಹೊಂದಿಸಿಕೊಂಡು, ಮಗುವಿನ ಕೈಹಿಡಿದು ಶಿಲೋವಿಗೆ ನಡೆದಳು.

ಇಲ್ಲಿ ಕೆಲವರು ಕೇಳಬಹುದು: ಮಾತೆ ಮರಿಯಮ್ಮನವರು ನಲವತ್ತು ದಿನದ ಬಾಲಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಎತ್ತಿಕೊಂಡು ಹೋಗಲಿಲ್ಲವೇ? ಹೋದರು. ಆದರೆ ಬೆತ್ಲೆಹೇಮಿನಿಂದ ಜೆರುಸಲೇಮಿಗೆ ಇರುವ ದೂರ 9 ಕಿಲೋಮೀಟರಿನಷ್ಟು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂದಿರುಗಬಹುದಾದ ದಾರಿ. ಇನ್ನು ಈಜಿಪ್ಟಿನ ದೂರ ಪ್ರಯಾಣ ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಓಡಿದ್ದು, ಅದು ಯಾತ್ರೆಯಲ್ಲ.

ಈ ಮಾತು ಬಂದಾಗ ನಮ್ಮ ಭಾಗದವರೇ ಆದ ಇತರರನ್ನೂ ನೆನೆಯಬೇಕು. ತೊಗರಿ ಕೈಕೊಟ್ಟ ವರ್ಷ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯುವ ಕೆಲಸಕ್ಕೆ ಹೋಗುವ ತಾಯಂದಿರು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡೇ ಹೋಗುತ್ತಾರೆ. ಕೂಸಿಗೆ ಎಷ್ಟು ತಿಂಗಳೆಂದು ಅವರನ್ನು ಯಾರೂ ಕೇಳುವುದಿಲ್ಲ. ಹೋಗಬೇಕೋ ಬೇಡವೋ ಎಂದು ಕುಳಿತು ಯೋಚಿಸುವ ಅವಕಾಶ ನಮಗಿದ್ದರೆ, ಅದೇ ಒಂದು ದೊಡ್ಡ ವರ. ಯಾತ್ರೆಯ ಗಂಟು ಕಟ್ಟುವಾಗ ಅಂಥ ಒಂದು ಮನೆಗೆ ಸ್ವಲ್ಪ ತೆಗೆದಿಡಿ.

ಈಗ ಅತ್ತೆಯವರ ಹರಕೆಯ ವಿಷಯ. ಇದರಲ್ಲಿ ನಮ್ಮ ಜನರಿಗೆ ಬಹಳ ಭಯವಿದೆ. ಆ ಭಯಕ್ಕೆ ಆಧಾರವಿಲ್ಲವೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1193ನೆಯ ವಿಧಿಯ ಪ್ರಕಾರ, ಹರಕೆ ಅದನ್ನು ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಅಜ್ಜಿ ಹೊತ್ತ ಹರಕೆ ಸೊಸೆಯನ್ನಾಗಲಿ ಮೊಮ್ಮಗುವನ್ನಾಗಲಿ ಕಟ್ಟುವುದಿಲ್ಲ. 1197ನೆಯ ವಿಧಿಯಂತೆ, ಹೊತ್ತವರು ತಾವೇ ಅದನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಮೇಲಾದ ಸತ್ಕಾರ್ಯಕ್ಕೆ ಬದಲಾಯಿಸಿಕೊಳ್ಳಬಹುದು. ನ್ಯಾಯವಾದ ಕಾರಣವಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳೇ ಹರಕೆಯಿಂದ ಬಿಡುಗಡೆ ಕೊಡಬಲ್ಲರು; 1196ನೆಯ ವಿಧಿ ಆ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಆದುದರಿಂದ, ಅತ್ತೆಯವರೇ, ಮನಸ್ಸಿನಲ್ಲಿ ಕೊರಗುತ್ತ ಕೂರಬೇಡಿ. ಒಂದು ಭಾನುವಾರ ಬಲಿಪೂಜೆಯ ನಂತರ ಗುರುಗಳ ಬಳಿ ಹೋಗಿ ಕೇಳಿ. ಈ ವರ್ಷ ನೀವು ಹೋಗಿ ಮೇಣದ ಬತ್ತಿ ಹಚ್ಚಿ ಬನ್ನಿ, ಕೂದಲು ಮುಂದಿನ ವರ್ಷವೋ ಅದರಾಚೆಯ ವರ್ಷವೋ ಆಗಲಿ. ಕೂದಲು ಬೆಳೆಯುತ್ತಲೇ ಇರುತ್ತದೆ, ಕಡಿಮೆಯಾಗುವುದಿಲ್ಲ.

ಸೊಸೆಯ ಮನಸ್ಸಿಗೂ ಒಂದು ಸಮಾಧಾನದ ಮಾತು. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥ, ತನ್ನ 2181ನೆಯ ಪರಿಚ್ಛೇದದಲ್ಲಿ, ಭಾನುವಾರದ ಪೂಜೆಯ ಕಡ್ಡಾಯಕ್ಕೇ ವಿನಾಯಿತಿ ಕೊಡುವ ಕಾರಣಗಳಲ್ಲಿ ಕಾಯಿಲೆಯ ಜೊತೆಗೆ ಹಸುಗೂಸಿನ ಆರೈಕೆಯನ್ನೂ ಹೆಸರಿಸಿದೆ. ಕಡ್ಡಾಯವಾದ ಪೂಜೆಗೇ ವಿನಾಯಿತಿ ಇರುವಾಗ, ಕಡ್ಡಾಯವಲ್ಲದ ಯಾತ್ರೆಗೆ ಏನು ಹೇಳಬೇಕು? ಏಳು ವರ್ಷ ತುಂಬದ ಮಗುವನ್ನು ಧರ್ಮಸಭೆಯ ನಿಯಮಗಳು ಕಟ್ಟುವುದೇ ಇಲ್ಲ.

ಹಾಗಾದರೆ ಎಷ್ಟು ವಯಸ್ಸಿಗೆ ಕರೆದುಕೊಂಡು ಹೋಗಬೇಕು? ನನಗೆ ತೋಚಿದ್ದನ್ನು ಬರೆಯುತ್ತೇನೆ. ನಿಮ್ಮ ವೈದ್ಯರ ಮಾತು ಇದಕ್ಕಿಂತ ಮೇಲು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೊಂದೇ ಆಹಾರ, ನೀರೂ ಬೇಡ. ಅದನ್ನು ಅನಿವಾರ್ಯವಿಲ್ಲದೆ ದೂರದ ಜಾತ್ರೆಗೆ ಒಯ್ಯುವುದು ಬೇಡ. ದಡಾರದ ಚುಚ್ಚುಮದ್ದು ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ; ಎರಡೂ ಆಗುವ ತನಕ ಲಕ್ಷ ಲಕ್ಷ ಜನ ಸೇರುವ ಕಡೆ ಹೋಗದಿದ್ದರೆ ಒಳ್ಳೆಯದು. ಎರಡು ವರ್ಷದ ನಂತರ ಮತ್ತೊಂದು ತಾಪತ್ರಯ. ಬಸ್ಸಿನಲ್ಲಿ, ಹಡಗಿನಲ್ಲಿ ವಾಂತಿಯಾಗುವ ಕಾಟ ಸಾಮಾನ್ಯವಾಗಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಹೆಚ್ಚು. ಹಡಗಿನ ಮಾತು ಬಂದುದರಿಂದ ಹೇಳುತ್ತೇನೆ: ಆರು ತಿಂಗಳು ತುಂಬದ ಕೂಸನ್ನು ದೊಡ್ಡ ಪ್ರವಾಸಿ ಹಡಗಿನ ಸಂಸ್ಥೆಗಳು ಬಹುಮಟ್ಟಿಗೆ ಹತ್ತಿಸಿಕೊಳ್ಳುವುದಿಲ್ಲ. ಹಲವು ದಿನ ಸತತವಾಗಿ ಸಮುದ್ರದ ಮೇಲೇ ಇರುವ ಯಾನಕ್ಕೆ ಒಂದು ವರ್ಷ ಆಗಿರಬೇಕು. ಲಾಭಕ್ಕಾಗಿ ಹಡಗು ನಡೆಸುವವರೇ ಇಷ್ಟು ಎಚ್ಚರ ವಹಿಸುವಾಗ, ಭಕ್ತಿಗಾಗಿ ಹೊರಡುವ ನಾವು ಅದಕ್ಕಿಂತ ಕಡಿಮೆ ಎಚ್ಚರ ವಹಿಸುವುದು ಸರಿಯೇ?

ಹಬ್ಬದ ದಿನದ ಜನಸಂದಣಿಗೆ ಮಾತ್ರ ಇನ್ನೂ ಕಾಯಿರಿ. ಮಗು ತನ್ನ ಹೆಸರು, ಅವ್ವ ಅಪ್ಪನ ಹೆಸರು, ಊರಿನ ಹೆಸರು ಕೇಳಿದವರಿಗೆ ತಿಳಿಯುವಂತೆ ಹೇಳಲಿ. ಹನ್ನೆರಡು ವರ್ಷದ ಬಾಲಯೇಸುವೇ ಪಾಸ್ಕ ಹಬ್ಬದ ಗುಂಪಿನಲ್ಲಿ ತಪ್ಪಿಹೋಗಿ, ಮರಿಯಮ್ಮನವರು ಮತ್ತು ಜೋಸೆಫರು ಒಂದು ದಿನದ ದಾರಿ ನಡೆದ ಮೇಲೆ ತಿಳಿದು, ಮೂರನೆಯ ದಿನ ಕಂಡುಕೊಂಡರು. ಇವನು ಅವರ ಜೊತೆಗಿದ್ದಾನೆಂದು ಇವರು, ಇವರ ಜೊತೆಗಿದ್ದಾನೆಂದು ಅವರು ನಂಬಿಕೊಳ್ಳುವುದು ಪವಿತ್ರ ಕುಟುಂಬಕ್ಕೂ ಆಗಬಹುದಾದರೆ, ಹತ್ತು ಜನ ಚಿಕ್ಕಪ್ಪ ದೊಡ್ಡಪ್ಪಂದಿರ ಜೊತೆ ಹೊರಡುವ ನಮಗೆ ಆಗದೇ? ಮಗು ಯಾರ ಕೈಯಲ್ಲಿ ಎಂಬುದು ಗಳಿಗೆ ಗಳಿಗೆಗೂ ಒಬ್ಬರ ಹೆಸರಿನಲ್ಲೇ ಇರಲಿ. ಅಂಗಿಯ ಒಳಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ. ರೈಲಿನಲ್ಲಿ ತೊಂದರೆಯಾದರೆ 139 ನಂಬರಿಗೆ ಫೋನು ಮಾಡಿ.

ಹೊರಡುವುದೇ ಆದರೆ ಯಕೋಬನಂತೆ ಹೊರಡಿ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಅಣ್ಣ ಏಸಾವನು ನಾನೂರು ಜನರೊಡನೆ ಬಂದು, ಒಟ್ಟಿಗೇ ಪ್ರಯಾಣ ಮಾಡೋಣ ಎಂದು ಕರೆಯುತ್ತಾನೆ. ಎಷ್ಟೋ ವರ್ಷಗಳ ದ್ವೇಷ ಕರಗಿದ ಘಳಿಗೆ ಅದು. ಇಲ್ಲ ಎನ್ನುವುದು ಸುಲಭವಲ್ಲ. ಆದರೂ ಯಕೋಬ ನಯವಾಗಿ ಇಲ್ಲ ಎಂದ. ಮಕ್ಕಳು ಎಳೆಯರು, ಹಾಲೂಡಿಸುವ ಆಡು ದನಗಳಿವೆ, ಒಂದು ದಿನ ಹೆಚ್ಚು ನಡೆಸಿದರೆ ಹಿಂಡೇ ಸತ್ತೀತು, ನೀವು ಮುಂದೆ ಹೋಗಿ, ನಾನು ಮಕ್ಕಳ ಕಾಲಿನ ಗತಿಗೆ ತಕ್ಕಂತೆ ಬರುತ್ತೇನೆ ಎಂದು ವಿವರಿಸಿದ. ದೊಡ್ಡವರ ಗುಂಪಿನ ಓಟಕ್ಕೆ ಮಗುವನ್ನು ಎಳೆಯಬೇಡಿ. ಹಬ್ಬದ ಹನ್ನೊಂದು ದಿನ ಬಿಟ್ಟು ಬೇರೆ ವಾರದಲ್ಲಿ ಹೋದರೆ ಮಾತೆ ಸಿಗುವುದಿಲ್ಲವೇ? ಚೆನ್ನೈಯಲ್ಲಿ ಒಂದು ಹಗಲು ತಂಗಿ ಮಗುವಿಗೆ ಸ್ನಾನ ಮಾಡಿಸಿ, ನಿದ್ದೆ ಮಾಡಿಸಿ. ಐದು ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ ಎಂದು ಖುಷಿಪಡುತ್ತೇವೆ. ಅದಕ್ಕೆ ಬರ್ತೂ ಇಲ್ಲ, ರಾತ್ರಿಯಿಡೀ ತಾಯಿಯ ಪಕ್ಕದಲ್ಲೇ ಎಂಬುದನ್ನು ಮರೆಯುತ್ತೇವೆ. ತಾಯಿಗೆ ಕೆಳಗಿನ ಬರ್ತು ಬಿಟ್ಟುಕೊಡಿ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ನೀರಿನಲ್ಲಿ, ಅದರ ಮೇಲೆ ಬರೆದಷ್ಟೇ ಅಳತೆಯಲ್ಲಿ, ಕಲಸಿ ಚಮಚದಿಂದ ಕುಡಿಸಿ. ಒಂದು ದಿನದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ.

ಇಷ್ಟೆಲ್ಲ ಓದಿ, ಮಗುವನ್ನು ಎಲ್ಲಿಗೂ ಕರೆದೊಯ್ಯುವುದೇ ಬೇಡ ಎಂದುಕೊಳ್ಳಬೇಡಿ. ಹೇಗೂ ಅದಕ್ಕೆ ನೆನಪಿರುವುದಿಲ್ಲವಲ್ಲ ಎನ್ನುವವರಿದ್ದಾರೆ. ನಮಗೆ ನಮ್ಮ ಜ್ಞಾನಸ್ನಾನದ ನೆನಪಿದೆಯೇ? ಮೋಶೆ ಫರೋಹನ ಮುಂದೆ ನಿಂತು ಆರಾಧನೆಗೆ ಹೋಗಲು ಬಿಡುಗಡೆ ಕೇಳಿದಾಗ, ಯಾರು ಯಾರು ಹೋಗುತ್ತೀರಿ ಎಂದು ಫರೋಹ ಕೇಳಿದ. ಮುದುಕರು, ಮಕ್ಕಳು, ಗಂಡುಹೆಣ್ಣು ಎಲ್ಲರೂ ಎಂದ ಮೋಶೆ. ಗಂಡಸರಷ್ಟೇ ಹೋಗಿ, ಮಕ್ಕಳು ಇಲ್ಲೇ ಇರಲಿ ಎಂದು ಫರೋಹ ಹಟ ಹಿಡಿದ. ಮಕ್ಕಳಿಲ್ಲದ ಆರಾಧನೆ ಫರೋಹನ ಆಲೋಚನೆ, ಮೋಶೆಯದಲ್ಲ. ಗಾಣಗಾಪುರಕ್ಕೆ, ಪಂಢರಪುರಕ್ಕೆ ನಡೆದು ಹೋಗುವ ನಮ್ಮ ನೆರೆಯವರ ಹೆಗಲ ಮೇಲೆ ಮಕ್ಕಳು ಕುಳಿತಿರುವುದನ್ನು ನಾವು ಕಂಡಿದ್ದೇವೆ.

ದೂರದಿಂದ ಶುರುಮಾಡದೆ ಹತ್ತಿರದಿಂದ ಶುರುಮಾಡಿ. ಸೆಪ್ಟೆಂಬರ್ 8ರ ಹಬ್ಬ ವೇಳಾಂಗಣಿಯಲ್ಲಿ ಮಾತ್ರವಲ್ಲ, ನಿಮ್ಮ ಧರ್ಮಕೇಂದ್ರದಲ್ಲೂ ಇದೆ. ಆ ದಿನ ಕೂಸಿನ ಕೈಯಲ್ಲಿ ಒಂದು ಹೂವು ಕೊಟ್ಟು ಮಾತೆಯ ಪ್ರತಿಮೆಯ ಮುಂದೆ ಇಡಿಸಿ. ಅತ್ತರೆ ಹೊರಗೆ ಕರೆದುಕೊಂಡು ಹೋಗಿ, ಸುಮ್ಮನಾದ ಮೇಲೆ ಒಳಗೆ ಬನ್ನಿ; ಹಿಂದೆ ತಿರುಗಿ ನೋಡುವವರು ನೋಡಲಿ.

ಇನ್ನೊಂದು ವ್ಯಾವಹಾರಿಕ ಮಾತು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನದ ಬದಲು 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಧ್ವಜಾರೋಹಣದ ಹೊತ್ತಿಗೆ ಅಲ್ಲಿರಬೇಕಾದವರಿಗೆ ಅದು ಜೂನ್ ತಿಂಗಳ ಕೊನೆಯ ವಾರ. ಅಷ್ಟರೊಳಗೆ ಮನೆಯಲ್ಲಿ ಎಲ್ಲರೂ ಕುಳಿತು ಮಾತಾಡಿ ಮುಗಿಸಿ. ಮೊದಲು ಕೂಸಿನ ತಾಯಿಯನ್ನು ಕೇಳಿ, ಆಮೇಲೆ ಟಿಕೆಟ್ ಎಷ್ಟು ಬೇಕೆಂದು ಲೆಕ್ಕ ಹಾಕಿ.