‘ಏನೂ ಆಗಲಿಲ್ಲ’ ಎಂದರೆ ತಪ್ಪೇ ಇಲ್ಲವೆಂದೇ?



ಒಂದು ತಪ್ಪೊಪ್ಪಿಗೆಯಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ. 2016ರ ಏಪ್ರಿಲ್ ತಿಂಗಳು. ಪಾಸ್ಖ ಹಬ್ಬ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಮಕ್ಕಳು 43, ದೊಡ್ಡವರು ನಾವು 5 ಮಂದಿ. ಸಂಜೆ ಹೊತ್ತಿಗೆ ಒಂದು ಅಳಿವೆಯ ದಡಕ್ಕೆ ಬಂದೆವು. ಅಲ್ಲೊಂದು ಬೋಟು ನಿಂತಿತ್ತು. ಮೀನು ಹಿಡಿಯುವ ಹಳೆಯ ದೋಣಿಗೆ ನೀಲಿ ಬಣ್ಣ ಬಳಿದು, ಅಡ್ಡಕ್ಕೆ ಬೆಂಚು ಹಾಕಿ, ಮೇಲೆ ಚಪ್ಪರ ಕಟ್ಟಿದ್ದರು. ಪಕ್ಕದಲ್ಲಿ ‘25 ಜನ’ ಎಂದು ಬರೆದಿತ್ತು.

ದೋಣಿಯವರು ಹೇಳಿದರು: “ಎರಡು ಸಲ ಹೋಗುವಾ ಮಾಸ್ಟ್ರೇ, ಮಕ್ಕಳು ಜಾಸ್ತಿ ಉಂಟು.”

ನಾನು ಹೇಳಿದೆ: “ಹೊತ್ತಾಯಿತು ಮಾರಾಯ್ರೆ. ಚಿಕ್ಕ ಮಕ್ಕಳು, ಎಷ್ಟು ಭಾರ ಆದೀತು? ಒಂದೇ ಸಲ ಬಿಡಿ, ಬಾಡಿಗೆಯೂ ಸ್ವಲ್ಪ ಕಡಿಮೆ ಮಾಡಿ.”

ಅವರು ಎರಡು ಸಲ ಬೇಡವೆಂದರು, ಮೂರನೆಯ ಸಲ ಒಪ್ಪಿದರು. ಲೈಫ್ ಜಾಕೆಟ್‌ಗಳು ಹತ್ತೋ ಹನ್ನೆರಡೋ ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದವು. ಎಲ್ಲರಿಗೂ ಸಾಲದು ಎಂದು ಯಾರಿಗೂ ಕೊಡಲಿಲ್ಲ. 48 ಮಂದಿ ಕೂತೆವು. ಮಕ್ಕಳು ಹಾಡಿದರು, ನೀರಿಗೆ ಕೈ ಚಾಚಿದರು. ಅರ್ಧ ಗಂಟೆಯಲ್ಲಿ ಕ್ಷೇಮವಾಗಿ ಹಿಂತಿರುಗಿದೆವು. ರಾತ್ರಿ ದೇವಾಲಯದ ಮುಂದೆ ಬಸ್ಸಿನಿಂದ ಇಳಿದು, ಎಲ್ಲರೂ ಸೇರಿ ದೇವರಿಗೆ ಕೃತಜ್ಞತೆ ಸಲ್ಲಿಸಿ ಮನೆಗೆ ಹೋದೆವು. ಏನೂ ಆಗಲಿಲ್ಲ.

ಏಳು ವರ್ಷ ನಾನು ಅದನ್ನು ಮರೆತೇಬಿಟ್ಟಿದ್ದೆ. 2023ರ ಮೇ 7ರ ಭಾನುವಾರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರಕ್ಕೆ ಹೊರಟ ದೋಣಿಯೊಂದು ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಬದಲಾಯಿಸಿ ಎರಡು ಅಂತಸ್ತು ಮಾಡಿದ್ದು. ಹೊರಬೇಕಾದುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಪತ್ರಿಕೆಯಲ್ಲಿ ಆ ಸುದ್ದಿ ಓದುವಾಗ ನನ್ನ ಕಣ್ಣಿಗೆ ಕಂಡದ್ದು ಆ ನೀಲಿ ಬೋಟು ಮತ್ತು ನಮ್ಮ 43 ಮಕ್ಕಳು. ಅವರಿಗೂ ನನಗೂ ಇರುವ ವ್ಯತ್ಯಾಸ ಏನು? ಅವರ ದೋಣಿ ಮಗುಚಿತು, ನಮ್ಮದು ಮಗುಚಲಿಲ್ಲ. ಅಷ್ಟೇ.

ಹಾಗಾದರೆ ನಾನು ಮಾಡಿದ್ದು ತಪ್ಪೇ, ಅಲ್ಲವೇ? ಇದೇ ಈ ವಾರ ನಿಮ್ಮ ಮುಂದೆ ಇಡುವ ಪ್ರಶ್ನೆ.

ಮಾಳಿಗೆಯ ಗೋಡೆ

ನಾವು ಸಾಮಾನ್ಯವಾಗಿ ತಪ್ಪನ್ನು ಅಳೆಯುವುದು ಪರಿಣಾಮದಿಂದ. ಮುಚ್ಚದ ಬಾವಿಗೆ ಮಗು ಬಿದ್ದರೆ ಊರೆಲ್ಲ ಮನೆಯವನನ್ನು ದೂರುತ್ತದೆ. ಅದೇ ರೀತಿಯ ಬಾವಿ ಪಕ್ಕದ ಮನೆಯಲ್ಲೂ ಇದ್ದು, ಅಲ್ಲಿ ಯಾರೂ ಬೀಳದಿದ್ದರೆ ಆ ಮನೆಯವನು ಸಜ್ಜನ. ಆದರೆ ಇಬ್ಬರು ಮಾಡಿದ್ದೂ ಒಂದೇ ಕೆಲಸ. ಅಲ್ಲ, ಇಬ್ಬರೂ ಮಾಡದೆ ಬಿಟ್ಟದ್ದು ಒಂದೇ ಕೆಲಸ.

ಪವಿತ್ರ ಗ್ರಂಥ ಅಳೆಯುವ ಬಗೆ ಬೇರೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ, 8ನೆಯ ವಚನ ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟಬೇಕು, ಇಲ್ಲವಾದರೆ ಯಾರಾದರೂ ಬಿದ್ದಾಗ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎಂದು ಅಲ್ಲಿದೆ. ಆ ನಾಡಿನ ಮನೆಗಳ ಮಾಳಿಗೆ ಸಮತಟ್ಟು. ಜನ ಅಲ್ಲಿ ಮಲಗುತ್ತಿದ್ದರು, ನಾರು ಒಣಗಿಸುತ್ತಿದ್ದರು. ಸಂತ ಪೇತ್ರರು ಪ್ರಾರ್ಥನೆ ಮಾಡಲು ಹತ್ತಿದ್ದೂ ಅಂಥದೇ ಮಾಳಿಗೆಗೆ. ಗಮನಿಸಬೇಕಾದ ವಿಷಯ ಇದು: ಗೋಡೆ ಕಟ್ಟುವ ಆಜ್ಞೆ ಯಾರಾದರೂ ಬಿದ್ದ ಮೇಲೆ ಬರುವುದಲ್ಲ, ಮನೆ ಕಟ್ಟುವ ದಿನವೇ ಬರುತ್ತದೆ. ಯಾರೂ ಬೀಳದಿದ್ದರೂ ಗೋಡೆಯಿಲ್ಲದ ಮನೆ ಆಜ್ಞೆ ಮೀರಿದ ಮನೆಯೇ.

ದೋಣಿಯ ನೋಂದಣಿ, ಸುರಕ್ಷತೆಯ ಪ್ರಮಾಣಪತ್ರ, ಅದರಲ್ಲಿ ಬರೆದ ಜನರ ಸಂಖ್ಯೆ, ಇವೆಲ್ಲ ನಮ್ಮ ಕಾಲದ ಮಾಳಿಗೆಯ ಗೋಡೆ.

ಕಾಣದ್ದನ್ನು ನೋಡಿ ಹೇಳುವವರು

ದಡದಲ್ಲಿ ನಿಂತ ನಮಗೆ ಕಾಣುವುದು ಬಣ್ಣ ಮಾತ್ರ. ದೋಣಿಯ ತಳ ಹೇಗಿದೆ, ಎಂಜಿನ್ ನಡುನೀರಿನಲ್ಲಿ ನಿಂತೀತೇ, ಭಾರ ಎಲ್ಲಿ ಕೂತಿದೆ, ಇದನ್ನು ತಿಳಿಯುವ ಕಣ್ಣು ನಮಗಿಲ್ಲ. ಮೀನಿನ ದೋಣಿಯ ಭಾರವೆಲ್ಲ ಕೆಳಗೆ: ಬಲೆ, ಮಂಜುಗಡ್ಡೆ, ಮೀನು. ಅದೇ ದೋಣಿಗೆ ಬೆಂಚು, ಚಪ್ಪರ, ಮಹಡಿ ಏರಿಸಿ ಜನರನ್ನು ಕೂರಿಸಿದರೆ ಭಾರ ಮೇಲಕ್ಕೆ ಹೋಗುತ್ತದೆ. ಮೀನು ಎದ್ದು ನಿಲ್ಲುವುದಿಲ್ಲ. ಜನ ಎದ್ದು ನಿಲ್ಲುತ್ತಾರೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ‘ಜಲಕನ್ಯಕಾ’ ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ದಡದಲ್ಲಿದ್ದ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದರು ಎಂಬುದು ಆಗ ಕೇಳಿಬಂದ ಕಾರಣಗಳಲ್ಲಿ ಒಂದು. ಪ್ರಾಣಿ ಕಂಡರೆ ಜನ ಏಳುವುದು ಸಹಜ. ಆ ಸಹಜ ಚಲನೆಯನ್ನು ತಡೆದುಕೊಳ್ಳುವ ಶಕ್ತಿ ದೋಣಿಗೆ ಇದೆಯೇ ಎಂದು ಮೊದಲೇ ಪರೀಕ್ಷಿಸುವುದೇ ತಪಾಸಣೆ.

ದೊಡ್ಡ ಹಡಗುಗಳ ವಿಷಯದಲ್ಲೂ ಈ ಕಾನೂನು ತಾನಾಗಿ ಬಂದದ್ದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ದೊಡ್ಡ ಮೊತ್ತಕ್ಕೆ ವಿಮೆ ಮಾಡಿಸಿ ಕಳುಹಿಸುವ ಮಾಲೀಕರಿದ್ದರು. ಮುಳುಗಿದರೆ ನಾವಿಕರು ಸಾಯುತ್ತಿದ್ದರು, ಮಾಲೀಕನಿಗೆ ನಷ್ಟವಿಲ್ಲ. ಸ್ಯಾಮುಯೆಲ್ ಪ್ಲಿಮ್ಸೋಲ್ ಎಂಬ ಸಂಸತ್ ಸದಸ್ಯರು ಇದರ ವಿರುದ್ಧ ಹೋರಾಡಿ, 1876ರಲ್ಲಿ ಹಡಗಿನ ಪಕ್ಕದಲ್ಲಿ ಭಾರದ ಗೆರೆ ಎಳೆಯಬೇಕೆಂಬ ಕಾನೂನು ತರುವಂತೆ ಮಾಡಿದರು. ಇಂದಿಗೂ ಹಡಗುಗಳ ಮೇಲೆ ಆ ಗೆರೆ ಇದೆ. ಒಬ್ಬನ ಲಾಭಕ್ಕೂ ಇನ್ನೊಬ್ಬನ ಜೀವಕ್ಕೂ ನಡುವೆ ಎಳೆದ ಗೆರೆ ಅದು.

ನಮ್ಮ ದೇಶದಲ್ಲಿ ಒಳನಾಡು ದೋಣಿಗಳಿಗೆ 1917ರ ಹಳೆಯ ಕಾಯ್ದೆಯಿತ್ತು. ಅದರ ಬದಲಿಗೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗೆ ತಪಾಸಣೆಯ ಪ್ರಮಾಣಪತ್ರ, ನೋಂದಣಿ, ವಿಮೆ ಬೇಕು. ಹುಟ್ಟು ಹಾಕಿ ನಡೆಸುವ ದೋಣಿಗಳನ್ನೂ ಸ್ಥಳೀಯ ಆಡಳಿತದಲ್ಲಿ ದಾಖಲಿಸಿಕೊಳ್ಳಲು ಅವಕಾಶವಿದೆ. ನಮಗೆ ಕಾಣದ ತಳವನ್ನು ನಮ್ಮ ಪರವಾಗಿ ಯಾರೋ ನೋಡಿ, ‘ಇಷ್ಟು ಜನ ಕೂರಬಹುದು’ ಎಂದು ಸಹಿ ಹಾಕುತ್ತಾರೆ. ಆ ಕಾಗದ ಎಂದೂ ಮುಖ ನೋಡದ ನೆರೆಯವನಿಗೆ ಕೊಟ್ಟ ಮಾತು.

ಮೂರು ವಾದಗಳು

“ಇದು ಸರ್ಕಾರದ ಕಾನೂನು, ದೇವರದ್ದಲ್ಲ, ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು” ಎನ್ನುವವರು ನಮ್ಮಲ್ಲಿದ್ದಾರೆ. ಈ ವಾದ ಹೊಸದಲ್ಲ. ದೊಮಿನಿಕನ್ ಸಭೆಯ ನಿಯಮಾವಳಿಯಲ್ಲಿ 13ನೆಯ ಶತಮಾನದಿಂದಲೂ, ನಿಯಮ ಮೀರಿದರೆ ಪಾಪವಲ್ಲ, ಶಿಕ್ಷೆ ಮಾತ್ರ ಎಂಬ ಮಾತಿದೆ. ಮುಂದೆ ಕೆಲವು ನೀತಿಶಾಸ್ತ್ರಜ್ಞರು ಸುಂಕದಂಥ ಲೌಕಿಕ ಕಾನೂನುಗಳಿಗೂ ಇದನ್ನು ಹೊಂದಿಸಿ ನೋಡಿದರು. ಆದರೆ ಸಂತ ತೋಮಸ್ ಅಕ್ವಿನಾಸರ ಪ್ರಕಾರ ಕಾನೂನು ಎಂದರೆ ಸಮುದಾಯದ ಹೊಣೆ ಹೊತ್ತವರು ಎಲ್ಲರ ಒಳಿತಿಗಾಗಿ ಸಾರಿದ ವಿವೇಕದ ಕಟ್ಟಳೆ. ಜನರ ಪ್ರಾಣ ಕಾಯುವ ಕಟ್ಟಳೆಗಿಂತ ಎಲ್ಲರ ಒಳಿತು ಬೇರೇನಿದೆ? ಅಲ್ಲಿ ಕಾನೂನಿಗೂ ಮೊದಲೇ ಐದನೆಯ ಆಜ್ಞೆ ನಿಂತಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ, ಸಮುದ್ರದಲ್ಲಿ, ಆಕಾಶದಲ್ಲಿ ಪರರ ಜೀವವನ್ನು ಅಪಾಯಕ್ಕೆ ಒಡ್ಡುವವರು ಗುರುತರ ಅಪರಾಧಕ್ಕೆ ಗುರಿಯಾಗುತ್ತಾರೆ ಎನ್ನುತ್ತದೆ (2290). ‘ಅಪಾಯಕ್ಕೆ ಒಡ್ಡುವವರು’ ಎಂದಿದೆ, ‘ಸಾಯಿಸಿದವರು’ ಎಂದಲ್ಲ. ನನಗೆ ನಾಟಿದ್ದು ಅದೇ.

“ಬಡ ಅಂಬಿಗ ಕಚೇರಿ ಕಚೇರಿ ಅಲೆಯಬೇಕೇ? ನಮ್ಮ ಅಜ್ಜ ಯಾವ ಕಾಗದವಿಲ್ಲದೆ ಕಡವು ದಾಟಿಸಲಿಲ್ಲವೇ?” ಎಂಬುದು ಎರಡನೆಯದು. ಇದರಲ್ಲಿ ನ್ಯಾಯವಿದೆ. ಕೈ ಬಿಸಿ ಮಾಡದೆ ಕಾಗದ ಮುಂದೆ ಹೋಗದಿದ್ದರೆ ಆ ಪಾಪ ಅಂಬಿಗನದ್ದಲ್ಲ. ದೋಣಿಯನ್ನು ನೋಡದೆಯೇ ‘ನೋಡಿದ್ದೇನೆ’ ಎಂದು ಸಹಿ ಹಾಕುವ ಅಧಿಕಾರಿ ಸುಳ್ಳುಸಾಕ್ಷಿ ಹೇಳಿದಂತೆಯೇ. ನಮ್ಮ ಮಕ್ಕಳಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರು ಇದನ್ನು ನೆನಪಿಡಲಿ. ಆದರೆ ಅಜ್ಜನ ಮಾತು ಬೇರೆ. ಅಜ್ಜ ಹರಿವನ್ನು ಬಲ್ಲವನು, ದೋಣಿಯನ್ನು ತಾನೇ ಕಟ್ಟಿಸಿದವನು, ಹತ್ತುವವರೆಲ್ಲ ಅವನ ಊರಿನವರು. ಇಂದು ಹತ್ತುವವರು ಎಲ್ಲಿಂದಲೋ ಬಂದ ಅಪರಿಚಿತರು. ಪರಿಚಯವಿಲ್ಲದ ಕಡೆ ನಂಬಿಕೆಗೆ ಒಂದು ಸಾಕ್ಷಿ ಬೇಕು.

“ದೇವರಿದ್ದಾರೆ, ಹೆದರಬೇಡಿ” ಎಂಬುದು ಮೂರನೆಯದು. ಇದು ಭಕ್ತಿಯ ಮಾತಿನಂತೆ ಕೇಳುತ್ತದೆ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಪ್ರಭು ಯೇಸುವಿಗೆ ಹೇಳಿದವನು ಯಾರು? ದೇವರನ್ನು ಪರೀಕ್ಷಿಸಬಾರದು ಎಂದು ಪ್ರಭು ಅವನನ್ನು ನಿರಾಕರಿಸಿದರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರೂ ದೇವರನ್ನು ಕಂಡು ಬರುತ್ತಿದ್ದವರೇ. ಭಕ್ತಿ ದೋಣಿಯ ಭಾರವನ್ನು ಇಳಿಸುವುದಿಲ್ಲ.

ಬದುಕಿ ಬಂದವರಿಗೆ ಪೌಲರು ಹೇಳಿದ್ದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರೇಷಿತರ ಕಾರ್ಯಕಲಾಪಗಳು 27ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ. ಕಾಲ ಮೀರಿದೆ, ಈಗ ಪ್ರಯಾಣ ಬೇಡ ಎಂದು ಸಂತ ಪೌಲರು ಎಚ್ಚರಿಸಿದರು. ಶತಾಧಿಪತಿ ಅವರ ಮಾತಿಗಿಂತ ನಾವಿಕನ ಮತ್ತು ಹಡಗಿನ ಯಜಮಾನನ ಮಾತಿಗೆ ಬೆಲೆ ಕೊಟ್ಟ. ಬಿರುಗಾಳಿ ಬಡಿಯಿತು. ಹಡಗಿನಲ್ಲಿದ್ದವರು 276 ಮಂದಿ. ಯಾರ ಪ್ರಾಣವೂ ಹೋಗದೆಂದು ದೇವದೂತ ಪೌಲರಿಗೆ ತಿಳಿಸಿದ. ಆ ಸಿಹಿ ಸುದ್ದಿಯನ್ನು ಹೇಳುವಾಗ ಪೌಲರು ಮೊದಲು ಹೇಳಿದ್ದೇನು? ನೀವು ನನ್ನ ಮಾತು ಕೇಳಬೇಕಿತ್ತು ಎಂದು! ಎಲ್ಲರೂ ಉಳಿಯುತ್ತಾರೆಂದು ತಿಳಿದ ಮೇಲೂ, ಹೊರಟದ್ದು ಸರಿಯಾಯಿತು ಎಂದು ಅವರು ಹೇಳಲಿಲ್ಲ. ದೇವರ ಕರುಣೆ ನಮ್ಮ ತಪ್ಪಿನಿಂದ ನಮ್ಮನ್ನು ಉಳಿಸುತ್ತದೆ. ತಪ್ಪನ್ನು ಸರಿಯೆಂದು ಮಾಡುವುದಿಲ್ಲ.

2016ರ ಆ ರಾತ್ರಿ ನಾನು ದೇವರಿಗೆ ವಂದಿಸಿದ್ದು ಸರಿಯೇ. ಆದರೆ ಕೃತಜ್ಞತೆಯ ಜೊತೆಗೆ ಕ್ಷಮೆಯನ್ನೂ ಬೇಡಬೇಕಿತ್ತು. ತಾನೂರಿನ ಸುದ್ದಿ ಓದಿದ ಮೇಲೆ ಪಾಪನಿವೇದನೆಗೆ ಹೋಗಿ ಇದನ್ನೇ ಹೇಳಿದೆ. ಏಳು ವರ್ಷದ ಹಿಂದಿನ, ಯಾರಿಗೂ ನೋವಾಗದ ಸಂಗತಿ ಎಂದು ಗುರುಗಳು ತಳ್ಳಿಹಾಕಲಿಲ್ಲ. ಆ ಮಕ್ಕಳ ಹೆಸರನ್ನು ನೆನಪಿಸಿಕೊಂಡು ಒಬ್ಬೊಬ್ಬರಿಗಾಗಿ ಪ್ರಾರ್ಥಿಸಲು ಹೇಳಿದರು. 43ರಲ್ಲಿ 29 ಹೆಸರು ಮಾತ್ರ ನೆನಪಿಗೆ ಬಂತು. ಉಳಿದ ಮಕ್ಕಳನ್ನು ಹೆಸರೂ ಉಳಿಯದಷ್ಟು ಹಗುರವಾಗಿ ನಾನು ನೀರಿನ ಮೇಲೆ ಕರೆದೊಯ್ದಿದ್ದೆ.

ಇನ್ನೊಂದು ಮಾತು. ಆ ದಿನ ಎರಡು ಸಲ ಹೋಗೋಣವೆಂದದ್ದು ದೋಣಿಯವರು. ಒಂದೇ ಸಲವೆಂದದ್ದು ನಾನು. ಕಾಗದ ಇದ್ದರೆ ಸಾಲದು. ಅದರಲ್ಲಿ ಬರೆದ ಸಂಖ್ಯೆಯನ್ನು ದಡದಲ್ಲಿ ಯಾರಾದರೂ ಎಣಿಸಬೇಕು. ಆ ಎಣಿಸುವವರು ಅಂಬಿಗರು ಮಾತ್ರವಲ್ಲ, ನೀವು ಮತ್ತು ನಾನು. 2007ರ ಫೆಬ್ರುವರಿ 20ರಂದು ಕೇರಳದ ತಟ್ಟೇಕ್ಕಾಡಿನಲ್ಲಿ, 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಮುಳುಗಿದ್ದು ಶಾಲಾ ಪ್ರವಾಸದ ಮಕ್ಕಳು, ಅವರೊಡನೆ ಶಿಕ್ಷಕರು.

ಆದ್ದರಿಂದ ಬೇಸಿಗೆ ರಜೆಯಲ್ಲಿ ಹಿನ್ನೀರಿಗೋ ನದಿಗೋ ಹೋಗುವ ಕುಟುಂಬಗಳಿಗೆ ನನ್ನ ಕೋರಿಕೆ: ದೋಣಿಯ ಪಕ್ಕದಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ. ಎಷ್ಟು ಜನರಿಗೆ ಅನುಮತಿ ಎಂದು ಕೇಳಿ. ಮಕ್ಕಳೂ ಆ ಲೆಕ್ಕದಲ್ಲಿ ಸೇರುತ್ತಾರೆ. ಎಲ್ಲರಿಗೂ ಜಾಕೆಟ್ ಸಿಕ್ಕಿ, ಅದರ ಪಟ್ಟಿ ಬಿಗಿದ ಮೇಲೆ ಹೊರಡಿ. ಕತ್ತಲಾದ ಮೇಲೆ ಬೇಡ. ಫೋಟೊಗಾಗಿ ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ಅಂಬಿಗರು ‘ಎರಡು ಸಲ’ ಎಂದರೆ ಚೌಕಾಸಿ ಮಾಡದೆ ಎರಡು ಸಲದ ಬಾಡಿಗೆ ಕೊಡಿ. ಅನುಮಾನ ಬಂದರೆ ದಡದಲ್ಲೇ ಕೂತು ಬುತ್ತಿ ಬಿಚ್ಚಿ.

ಕಳೆದ ವರ್ಷ ಮತ್ತೆ ಮಕ್ಕಳನ್ನು ಕರೆದುಕೊಂಡು ಹೋದೆವು. ಈ ಸಲ ಎರಡು ತಂಡ ಮಾಡಿದೆ. ಎರಡನೆಯ ತಂಡ ಒಂದು ಗಂಟೆ ಬಿಸಿಲಿನಲ್ಲಿ ಕಾಯಬೇಕಾಯಿತು. “ಸರ್, ನಮ್ಮನ್ನೂ ಮೊದಲೇ ಕೂರಿಸಿದ್ದರೆ ಏನಾಗುತ್ತಿತ್ತು?” ಎಂದು ಒಬ್ಬ ಹುಡುಗ ಮುಖ ಊದಿಸಿ ಕೇಳಿದ.

“ಬಹುಶಃ ಏನೂ ಆಗುತ್ತಿರಲಿಲ್ಲ ಮಗಾ” ಎಂದೆ. ಆಮೇಲೆ ಅವನ ಜಾಕೆಟ್‌ನ ಪಟ್ಟಿ ಬಿಗಿದು, ತಲೆ ಎಣಿಸಿ, ದೋಣಿ ಹತ್ತಿಸಿದೆ.