ಹಿಡಿದು ಬಿಟ್ಟರೆ ಪುಣ್ಯವೆ?

ಮೀನನ್ನು ಗಾಳ ಹಾಕಿ ಹಿಡಿದು, ತೂಗಿ ನೋಡಿ, ಅದರೊಡನೆ ಒಂದು ಚಿತ್ರ ತೆಗೆಸಿಕೊಂಡು ಮರಳಿ ನೀರಿಗೆ ಬಿಡುವವನು ದಯಾವಂತನೋ, ಹಿಡಿದು ಸಾರು ಮಾಡಿ ಉಣ್ಣುವವನು ದಯಾವಂತನೋ? ಮೇಲ್ನೋಟಕ್ಕೆ ಈ ಪ್ರಶ್ನೆಗೆ ಉತ್ತರ ಸುಲಭ. ಒಬ್ಬನು ಜೀವ ಉಳಿಸಿದ, ಇನ್ನೊಬ್ಬನು ತೆಗೆದ. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ನಮ್ಮ ಸಂಘದ ಐದಾರು ಸಂಸಾರಗಳು ಸೇರಿ, ಬರುವ ಚಳಿಗಾಲದಲ್ಲಿ ಊರ ಕಡೆ ಹೋದಾಗ ಜನಸಂದಣಿಯಿಲ್ಲದ ಯಾವುದಾದರೂ ನದಿಯಲ್ಲಿ ಎರಡು ದಿನ ಹರಿಗೋಲಿನಲ್ಲಿ ತೇಲಿ, ಮೀನು ಹಿಡಿದು, ದಂಡೆಯಲ್ಲಿ ಅಡಿಗೆ ಮಾಡಿ ಬರೋಣವೆಂದು ಪಟ್ಟಿ ಬರೆಯತೊಡಗಿದಾಗ, ಪಾತ್ರೆ, ಚಾಪೆ, ಟಾರ್ಚುಗಳನ್ನು ದಾಟಿ 'ಗಾಳ' ಎಂಬಲ್ಲಿಗೆ ಬಂದು ಪಟ್ಟಿ ನಿಂತುಬಿಟ್ಟಿತು.

ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು. ಅವರು, "ಹಿಡಿಯೋಣ, ಮಕ್ಕಳಿಗೆ ಖುಷಿ, ಆಮೇಲೆ ಬಿಟ್ಟುಬಿಡೋಣ" ಎಂದರು. ಕರಾವಳಿಯಿಂದ ಬಂದ ಮಿತ್ರರೊಬ್ಬರಿಗೆ ಇದನ್ನು ಕೇಳಿ ನಗು ಬಂತು. "ತಿನ್ನದವರಿಗೆ ಗಾಳ ಯಾಕೆ ಮಾರಾಯ್ರೆ? ನಮ್ಮ ಅಜ್ಜ ದಿನಾ ಮೀನು ಹಿಡಿದವರು. ಆದರೆ ಮೀನಿನ ಸಂಗಡ ಆಟವಾಡಿದವರಲ್ಲ" ಎಂದರು ಅವರು. ಈ ಮಾತು ನಮ್ಮನ್ನು ಬಹಳ ದಿನ ಕಾಡಿತು.

ಮೊದಲು ನಾವು ಯೋಚಿಸಿದ್ದು ಕಾವೇರಿಯನ್ನೇ. ಶಿವನಸಮುದ್ರದಿಂದ ಕೆಳಗೆ ಮೇಕೆದಾಟಿನವರೆಗೆ ನದಿ ಕಾಡಿನೊಳಗೆ, ಬಂಡೆಗಳ ನಡುವೆ ಹರಿಯುತ್ತದೆ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಎಂಬ ಹೆಸರುಗಳನ್ನು ಹಲವರು ಕೇಳಿರಬಹುದು. ಅಲ್ಲಿಯ ಮಹಶೀರ್ ಮೀನು ಲೋಕಪ್ರಸಿದ್ಧ. ನಮ್ಮವರು ಬಿಳಿಮೀನು ಎನ್ನುತ್ತಾರೆ. ಕಾವೇರಿ ಸೀಮೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತಂತೆ. ಈಗಿನ ಲೆಕ್ಕದಲ್ಲಿ ಸುಮಾರು 54 ಕಿಲೋ, ಅಂದರೆ ನಮ್ಮಲ್ಲಿ ಕೆಲವರ ತೂಕಕ್ಕೆ ಸಮ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರು ಬಂದು ಈ ಮೀನನ್ನು ಮತ್ತೆ ಹೊರಜಗತ್ತಿಗೆ ಪರಿಚಯಿಸಿದರು. ಆಮೇಲೆ ನದಿಯ ದಂಡೆಯಲ್ಲಿ ಶಿಬಿರಗಳು ಎದ್ದವು. ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಕಟ್ಟಿ, ಹರಿಗೋಲಿನಲ್ಲಿ ಕುಳಿತು, ಸಿಕ್ಕ ಮೀನನ್ನು ತೂಗಿ, ಹಾಗೆಯೇ ಬಿಡುವುದು ಅಲ್ಲಿಯ ನಿಯಮ. ನಮ್ಮ ರಾಗಿಮುದ್ದೆಗೆ ಮನಸೋತದ್ದು ಮನುಷ್ಯರಷ್ಟೇ ಅಲ್ಲ ಎಂದು ತಿಳಿದು ನಮಗೆ ಸಂತೋಷವಾಯಿತು.

ಈ ಆಟ ಅಲ್ಲಿ ಈಗ ಇಲ್ಲ. ಆ ಪ್ರದೇಶ 1987ರಿಂದ ವನ್ಯಜೀವಿಧಾಮ. 2010ರ ದಶಕದ ಮೊದಲ ವರ್ಷಗಳಲ್ಲಿ ಅದರೊಳಗೆ ಗಾಳ ಹಾಕುವುದು ನಿಂತುಹೋಯಿತು. ಆದ್ದರಿಂದ ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಒಂದು ಸುತ್ತೋಲೆಯಿಂದ ಕಡತ ಮುಚ್ಚುತ್ತದೆ, ಪ್ರಶ್ನೆ ಮುಚ್ಚುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಅಭಯಾರಣ್ಯದ ಹೊರಗೂ ಹೊಳೆಗಳಿವೆ, ಅವುಗಳಲ್ಲೂ ಮೀನುಗಳಿವೆ.

ಮೀನಿಗೆ ನೋವಾಗುತ್ತದೆಯೇ? ನಾವು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಮೀನಿನ ಮೆದುಳಿನ ಚಿತ್ರ ಬರೆದು ಅಂಕ ಪಡೆದದ್ದುಂಟು. ಅದಕ್ಕೆ ನೋವಾಗುವುದೇ ಎಂದು ಯಾರೂ ಕೇಳಿದ್ದಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಟ್ರೌಟ್ ಮೀನಿನ ಮೋರೆಯಲ್ಲಿ, ಹಾನಿಕರವಾದ ಒತ್ತಡ, ಬಿಸಿ, ಆಮ್ಲಗಳಿಗೆ ಸ್ಪಂದಿಸುವ ನರತಂತುಗಳಿವೆಯೆಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಕೆಲವು ತುಟಿಯನ್ನು ತೊಟ್ಟಿಯ ತಳದ ಕಲ್ಲಿಗೆ ಉಜ್ಜಿದವು. ಇದನ್ನು ನೋವೆನ್ನಬೇಕೆ, ಬರಿಯ ಪ್ರತಿಕ್ರಿಯೆ ಎನ್ನಬೇಕೆ ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ. ಕಲ್ಲಿಗೆ ತುಟಿ ಉಜ್ಜುವ ಪ್ರಾಣಿಯನ್ನು ಕುರಿತು ನಮಗೆ ಆ ವಾದದ ಕೊನೆಯವರೆಗೆ ಕಾಯುವ ತಾಳ್ಮೆಯಿಲ್ಲ.

ಸ್ವಿಟ್ಜರ್ಲೆಂಡಿನವರು 2008ರಲ್ಲಿ ಮಾಡಿದ ಪ್ರಾಣಿರಕ್ಷಣೆಯ ನಿಯಮ ಓದಿದಾಗ ನಮ್ಮ ಕರಾವಳಿಯ ಮಿತ್ರರ ಮಾತೇ ನೆನಪಾಯಿತು. ಬಿಡುವ ಉದ್ದೇಶವಿಟ್ಟುಕೊಂಡು ಮೀನು ಹಿಡಿಯಲು ಹೋಗುವುದನ್ನೇ ಅವರು ನಿಷೇಧಿಸಿದ್ದಾರೆ. ತಿನ್ನುವುದಾದರೆ ಹಿಡಿ, ಇಲ್ಲವಾದರೆ ಅದರ ಪಾಡಿಗೆ ಅದನ್ನು ಬಿಡು, ಇಷ್ಟೇ ಅದರ ತಾತ್ಪರ್ಯ. ಹಸಿವಿಗೊಂದು ಮರ್ಯಾದೆ ಇದೆ. ಹೊಟ್ಟೆ ತುಂಬಿತೆಂದರೆ ಅದು ನಿಲ್ಲುತ್ತದೆ. ಬಿಡುವವನಿಗೆ ಆ ಲೆಕ್ಕವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಮೀನುಗಳ ಬಾಯಿ ಹರಿದರೂ ಅವನ ಮನಸ್ಸು ನಿರಾಳ, ಏಕೆಂದರೆ ಒಂದನ್ನೂ ಕೊಂದಿಲ್ಲ.

ಇಷ್ಟಕ್ಕೆ ತೀರ್ಪು ಬರೆದುಬಿಡಬಹುದಿತ್ತು. ಆದರೆ ಕಾವೇರಿಯ ಕಥೆ ಅಷ್ಟು ಸರಳವಲ್ಲ. ಆ ಶಿಬಿರಗಳವರು ಸುತ್ತಲಿನ ಹಳ್ಳಿಗಳಲ್ಲಿ ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರನ್ನೇ ಕರೆದು ಕೆಲಸ ಕೊಟ್ಟರು. ನೀರಿಗೆ ಸಿಡಿಮದ್ದು ಎಸೆದರೆ ದೊಡ್ಡ ಮೀನು, ಮರಿ ಎನ್ನದೆ ಎಲ್ಲವೂ ಒಟ್ಟಿಗೇ ಸಾಯುತ್ತವೆ. ಹಗಲೂ ರಾತ್ರಿ ದಂಡೆಯ ಮೇಲೆ ಜನ ಇದ್ದರೆ ಆ ಕೆಲಸ ನಡೆಯುವುದು ಕಷ್ಟ. ಇದಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದ ಸಂಗತಿ ಇನ್ನೊಂದು. ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನುಗಳ ಲೆಕ್ಕವನ್ನು 1998ರಿಂದ 2012ರವರೆಗೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಗುಮಾಸ್ತರಾದ ನಮಗೆ ಲೆಕ್ಕದ ಪುಸ್ತಕವೆಂದರೆ ಗೌರವ. ವಿಜ್ಞಾನಿಗಳು ಆ ಪುಸ್ತಕಗಳನ್ನು ತಿರುವಿ ನೋಡಿದಾಗ, ಯಾರೂ ಗಮನಿಸದ ಒಂದು ವಿಷಯ ಹೊರಬಿತ್ತು: ಕಾವೇರಿಯ ಮೂಲನಿವಾಸಿಯಾದ, ಬೆನ್ನು ಉಬ್ಬಿದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು, ಅದರ ಜಾಗದಲ್ಲಿ ನೀಲಿ ರೆಕ್ಕೆಯ ಬೇರೊಂದು ಮಹಶೀರ್ ತುಂಬಿಕೊಳ್ಳುತ್ತಿತ್ತು. 2018ರಲ್ಲಿ ಆ ಮೂಲನಿವಾಸಿಯನ್ನು ಅಳಿವಿನ ಅತಿ ದೊಡ್ಡ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಹೊಸ ಮೀನು ಎಲ್ಲಿಂದ ಬಂತು? ಮುಂಬಯಿ ಪುಣೆಗಳ ಓದುಗರಿಗೆ ಇದು ಕುತೂಹಲದ ಸಂಗತಿ. ಲೋನಾವಳೆಯಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರವಿದೆ. ಅಳಿಯುತ್ತಿದ್ದ ಮಹಶೀರನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಅಲ್ಲಿ ಮರಿ ಮಾಡಿಸಿ ಬೇರೆ ಬೇರೆ ನದಿಗಳಿಗೆ ಕೊಟ್ಟರು. ಕಾವೇರಿಗೂ ಆ ಮರಿಗಳು ಬಂದವು. ಮಹಶೀರ್ ಎಂದರೆ ಮಹಶೀರ್ ಎಂದುಕೊಂಡಿದ್ದ ಕಾಲ ಅದು. ಉಳಿಸಲೆಂದು ಬಿಟ್ಟ ಮೀನೇ ಉಳಿಯಬೇಕಾದ ಮೀನಿಗೆ ತೊಡಕಾಯಿತು. (ಹೊರಗಿನಿಂದ ಬಂದು ನೆಲೆಸಿದವರ ವಿಷಯದಲ್ಲಿ ನಾವು ಇದಕ್ಕಿಂತ ಹೆಚ್ಚು ಮಾತಾಡದಿರುವುದು ಒಳ್ಳೆಯದು.) ಅಣೆಕಟ್ಟು, ಮರಳು ಸಾಗಣೆ, ಊರುಗಳ ಕೊಳಕು ನೀರು ಇವೆಲ್ಲ ಬೇರೆ.

ಹೀಗಾಗಿ ದಯೆ ತೋರಿ ಮರಿ ಬಿಟ್ಟವರು ಕೇಡು ಮಾಡಿದಂತಾಯಿತು. ಮೀನಿನ ಬಾಯಿಗೆ ಗಾಳ ಚುಚ್ಚಿದವರ ಲೆಕ್ಕದ ಪುಸ್ತಕದಿಂದ ಆ ಕೇಡು ಬೆಳಕಿಗೆ ಬಂತು. ನಾವೇನೋ ಕರಾವಳಿಯ ಮಿತ್ರರ ಪಕ್ಷವನ್ನೇ ಹಿಡಿದಿದ್ದೇವೆ, ಗಾಳವನ್ನು ಪಟ್ಟಿಯಿಂದ ತೆಗೆದಿದ್ದೇವೆ. ಆದರೆ ಆ ಪುಸ್ತಕ ಬರೆದವರ ಮೇಲೆ ಕಲ್ಲೆಸೆಯಲು ನಮಗೆ ಕೈ ಬರುವುದಿಲ್ಲ. ಆ ಹತ್ತಾರು ವರ್ಷ ಅವರೂ ಗಾಳ ಬದಿಗಿಟ್ಟು ಮನೆಯಲ್ಲಿ ಕುಳಿತಿದ್ದರೆ ಉಬ್ಬು ಬೆನ್ನಿನ ಮೀನು ಸದ್ದಿಲ್ಲದೆ ಹೋಗಿಬಿಡುತ್ತಿತ್ತು. ಹಾಗೆಂದು, ಅದರಿಂದ ಪ್ರಯೋಜನವಾಯಿತೆಂದು, ಚುಚ್ಚಿದ್ದು ಸರಿ ಎನ್ನಲೂ ನಾಲಿಗೆ ಏಳುವುದಿಲ್ಲ. ತೂಗುವಾಗ ಆ ಮೀನಿಗೆ ವಿಜ್ಞಾನದ ಉಪಕಾರ ತಿಳಿದಿರಲಿಲ್ಲ.

ಹರಿಗೋಲಿನ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಬರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ಕಿನ ಹಾಳೆ ಬಂದಿದೆ, ಬಿದಿರಿನ ಹೆಣಿಗೆ ಅದೇ. ಕೆಳಗೆ ತೇಲಿ ಹೋಗುವುದು ಸುಲಭ, ಮೇಲಕ್ಕೆ ಹುಟ್ಟು ಹಾಕುವುದು ಬಲು ಕಷ್ಟ. ನಾವು ಬಸ್ಸು ಹತ್ತಿ ಬಂದಮೇಲೆ ಅಂಬಿಗನು ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆದೇ ಹಿಂತಿರುಗಬೇಕು. ಆ ನಡಿಗೆಗೂ ಕೂಲಿ ಸೇರಿಸಿ ಲೆಕ್ಕ ಹಾಕಬೇಕೆಂದು ನಮ್ಮ ಮನೆಯವರು ಹೇಳಿದ್ದನ್ನು ಎಲ್ಲರೂ ಒಪ್ಪಿದರು.

ನಾವು ಕೊನೆಗೆ ಗೊತ್ತುಮಾಡಿದ ಹೊಳೆ ಕಾವೇರಿಯಲ್ಲ, ಸಣ್ಣದು. ಅದರ ಹೆಸರನ್ನು ಇಲ್ಲಿ ಬರೆದಿಲ್ಲ. ನಮಗೆ ಅದು ಜನರಿಲ್ಲದ ಜಾಗ. ದಂಡೆಯ ಮೇಲಿನ ಹಳ್ಳಿಯವರಿಗೆ ಬಟ್ಟೆ ಒಗೆಯುವ, ಎಮ್ಮೆ ಮೀಯಿಸುವ, ಸಂಜೆಯ ಸಾರಿಗೆ ನಾಲ್ಕು ಮೀನು ಹಿಡಿಯುವ ಜಾಗ. ಬರಬೇಕೆನ್ನುವವರು ಸಂಘದ ಕಚೇರಿಯಲ್ಲಿ ನಮ್ಮನ್ನು ಕೇಳಬಹುದು. ಆ ಹಳ್ಳಿಯವರಿಗೂ ಒಂದು ಮಾತು ಬರೆದು ಕೇಳಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.