ಪ್ರತಿಭೆಯ ಪುರಸ್ಕಾರ, ಬಡವನ ಹಕ್ಕು

ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ದುಡಿಯುವವರ ಮಗಳು ಪಿಯುಸಿಯಲ್ಲಿ ಉತ್ತಮ ಅಂಕ ಗಳಿಸಿದ್ದಾಳೆ ಎಂದಿಟ್ಟುಕೊಳ್ಳೋಣ. ಒಂದು ಕಾಲೇಜು ಅಂಕ ನೋಡಿ ವಿದ್ಯಾರ್ಥಿವೇತನ ಕೊಡುತ್ತದೆ; ಇನ್ನೊಂದು ಮನೆಯ ಆದಾಯ ನೋಡಿ ಶುಲ್ಕ ಇಳಿಸುತ್ತದೆ. ಹೆತ್ತವರಲ್ಲಿ ಅನೇಕರು ಮೊದಲನೆಯದನ್ನು ಗೌರವವೆಂದೂ ಎರಡನೆಯದನ್ನು ಭಿಕ್ಷೆಯೆಂದೂ ಭಾವಿಸುತ್ತಾರೆ. ಇದು ಸರಿಯೇ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗಬೇಕೆಂಬ ಬೇಡಿಕೆಯ ಮೇರೆಗೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೇ ಮಾನದಂಡವೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಪದವಿ ತೊರೆದರು. 1919ರ ವರದಿಯು ಆ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ಶಿಫಾರಸು ಮಾಡಿತು.

ಅಂಕಗಳ ಹಿಂದೆ ಮಗುವಿನ ಶ್ರಮವಿದೆ, ನಿಜ. ಆದರೆ ಓದಿದ ತಂದೆತಾಯಿ, ಟ್ಯೂಷನ್, ನಿಶ್ಚಿಂತೆ ಇವೂ ಇರುತ್ತವೆ. ಅವು ಮಗು ಗಳಿಸಿದವಲ್ಲ, ಅಲ್ಲಾಹನ ಕೊಡುಗೆಗಳು. ಉಳ್ಳವರ ಸಂಪತ್ತಿನಲ್ಲಿ ವಂಚಿತರಿಗೆ ಹಕ್ಕಿದೆಯೆಂದು ಪವಿತ್ರ ಕುರ್‌ಆನ್ (51:19) ಕಲಿಸುತ್ತದೆ. ಹಕ್ಕನ್ನು ಪಡೆಯಲು ನಾಚಿಕೆಯೇಕೆ?

ಆದರೆ ಅನುಕೂಲವಿದ್ದೂ ಸುಳ್ಳು ಆದಾಯ ಪ್ರಮಾಣಪತ್ರ ತರುವವನು ಸರಕಾರವನ್ನಷ್ಟೇ ವಂಚಿಸುವುದಿಲ್ಲ. ಯಾವುದೋ ಅನಾಥ ಮಗುವಿನ ಪುಸ್ತಕವನ್ನು ಕಸಿಯುತ್ತಾನೆ. ಆ ಹಣದಿಂದ ಪಡೆದ ವಿದ್ಯೆಯಲ್ಲಿ ಬರ್ಕತ್ ಎಲ್ಲಿಂದ ಬಂದೀತು?

ಆದ್ದರಿಂದ ಹೆತ್ತವರೇ, ಹೆಸರಿಗೆ ಮರುಳಾಗಬೇಡಿ. ನೆರವು ಮೊದಲ ವರ್ಷಕ್ಕಷ್ಟೇ ಇದೆಯೇ, ಅಂಕ ಕುಸಿದರೆ ನಿಲ್ಲುತ್ತದೆಯೇ, ಹಾಸ್ಟೆಲ್, ಪುಸ್ತಕ, ಬಸ್ಸಿನ ಖರ್ಚು ಸೇರಿ ಕೊನೆಯವರೆಗೆ ಕೈಯಿಂದ ಎಷ್ಟು ಕಟ್ಟಬೇಕು ಎಂದು ವಿಚಾರಿಸಿ. ಬಡ್ಡಿಯ ಸಾಲಕ್ಕೆ ದೂಡುವ ದೊಡ್ಡ ಗೌರವಕ್ಕಿಂತ ಓದು ಪೂರ್ಣಗೊಳಿಸುವ ಸದ್ದಿಲ್ಲದ ನೆರವೇ ಮೇಲು. ನೆರವು ಪಡೆದು ಓದಿದವರು ನಾಳೆ ಇನ್ನೊಂದು ಮಗುವಿನ ಶುಲ್ಕ ಕಟ್ಟಲಿ, ಕೃತಜ್ಞತೆಯೆಂದರೆ ಅದೇ.